ಕಳವು ಹಿಡಿಯುವುದನ್ನು ಕಲಿಸಿದಿರಿ, ಲೆಕ್ಕ ಇಡುವುದನ್ನು ಕಲಿಸಲಿಲ್ಲ: ಕುಲಪತಿಗಳಿಗೊಂದು ಬಹಿರಂಗ ಪತ್ರ

ರಾಜ್ಯದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ, ಗ್ರಂಥಪಾಲಕರಿಗೆ ಮತ್ತು ಪಿಎಚ್.ಡಿ ಮಾರ್ಗದರ್ಶಕರಿಗೆ,

ವಿಷಯ: ಸಂಶೋಧನಾ ವಿದ್ಯಾರ್ಥಿಗಳಿಗೆ ಉಲ್ಲೇಖ ನಿರ್ವಹಣೆಯ ತಂತ್ರಾಂಶ ಕಲಿಸುವ ಬಗ್ಗೆ

ಮಾನ್ಯರೇ, ನಮಸ್ಕಾರ.

ನಾನು ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ನಮ್ಮ ಭಾಗದ ಕೆರೆಗಳನ್ನು ಹೇಳುವ ಶಾಸನಗಳ ಮೇಲೆ ಪಿಎಚ್.ಡಿ ಮಾಡಿದ್ದೇನೆ. ಈ ಪತ್ರ ಯಾವ ಒಂದು ವಿಶ್ವವಿದ್ಯಾಲಯದ ಮೇಲಿನ ದೂರೂ ಅಲ್ಲ. ನಾನು ಓದಿದ ಕಡೆ ಕಂಡದ್ದನ್ನೇ ಬೇರೆ ಕಡೆ ಓದಿದ ಗೆಳತಿಯರೂ ಹೇಳುತ್ತಾರೆ. ಹಾಗಾಗಿ ಹೆಸರು ಬಿಟ್ಟು, ನಡೆದದ್ದನ್ನಷ್ಟೇ ಬರೆಯುತ್ತೇನೆ.

ನನ್ನ ಮಹಾಪ್ರಬಂಧದಲ್ಲಿ ಆರುನೂರಕ್ಕೂ ಜಾಸ್ತಿ ಅಡಿಟಿಪ್ಪಣಿಗಳಿದ್ದವು. ಎಲ್ಲವನ್ನೂ ಕೈಯಿಂದಲೇ ಬರೆದಿದ್ದೆ. ಪೋಸ್ಟ್‌ಕಾರ್ಡಿನ ಅಳತೆಯ ಚೀಟಿಗಳಲ್ಲಿ ಸಂಪುಟ, ಶಾಸನದ ಸಂಖ್ಯೆ, ಪುಟ, ಸಂಪಾದಕರ ಹೆಸರು. ಚೀಟಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿ, ಹಳೆಯ ಸೀರೆ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ನಮ್ಮ ಗುರುಗಳು ಹಾಗೇ ಮಾಡಿದವರು. ಅವರ ಗುರುಗಳೂ ಹಾಗೇ ಮಾಡಿದವರು. ಆ ಪದ್ಧತಿಯ ಮೇಲೆ ನನಗೆ ಇವತ್ತಿಗೂ ಗೌರವ ಇದೆ. ಆದರೆ ಅವರ ಕಾಲದಲ್ಲಿ ಪ್ರಬಂಧವನ್ನು ಹತ್ತು ಸಲ ತಿದ್ದಿ ಟೈಪ್ ಮಾಡಿಸುವ ಪದ್ಧತಿ ಇರಲಿಲ್ಲ.

ಸಲ್ಲಿಸಲು ಮೂರು ವಾರ ಇದ್ದಾಗ ಮೂರನೇ ಅಧ್ಯಾಯಕ್ಕೆ ಒಂದು ಭಾಗ ಸೇರಿಸಬೇಕೆಂದು ಸಲಹೆ ಬಂತು. ಒಳ್ಳೆಯ ಸಲಹೆ. ತೂಬಿನ ನಿರ್ವಹಣೆ ಬಗ್ಗೆ ನಾಲ್ಕು ಪುಟ ಬರೆದೆ. ಅದರೊಂದಿಗೆ 11 ಹೊಸ ಅಡಿಟಿಪ್ಪಣಿಗಳು ನಡುವೆ ಬಂದು ಕೂತವು. ಡಿಟಿಪಿ ಅಂಗಡಿಯ ಹುಡುಗ ಪಾಪ, ರಾತ್ರಿ ಹನ್ನೊಂದರವರೆಗೆ ಕೂತು ಸಂಖ್ಯೆಗಳನ್ನೆಲ್ಲ ಸರಿ ಮಾಡಿಕೊಟ್ಟ. ಸಂಖ್ಯೆ ಸರಿಯಾಯಿತು. 'ಅದೇ' ಸರಿಯಾಗಲಿಲ್ಲ.

ಕನ್ನಡದಲ್ಲಿ ಸಂಶೋಧನೆ ಮಾಡಿದವರಿಗೆ ಈ 'ಅದೇ' ಗೊತ್ತು. ಹಿಂದಿನ ಟಿಪ್ಪಣಿಯ ಪುಸ್ತಕವನ್ನೇ ಮತ್ತೆ ಹೇಳುವಾಗ ಹೆಸರು ಪೂರ್ತಿ ಬರೆಯದೆ 'ಅದೇ, ಪುಟ 42' ಎಂದು ಬರೆಯುತ್ತೇವೆ. ನಡುವೆ ಹೊಸ ಟಿಪ್ಪಣಿ ಬಂದರೆ ಆ 'ಅದೇ' ಬೇರೆ ಪುಸ್ತಕವನ್ನು ತೋರಿಸುತ್ತದೆ. ನೋಡಲು ಏನೂ ತಪ್ಪು ಕಾಣುವುದಿಲ್ಲ. ನನ್ನ ಅಧ್ಯಾಯದಲ್ಲಿ ಹಾಗೆ ಒಂಬತ್ತು ಕಡೆ ಆಗಿತ್ತು. ಒಬ್ಬ ವಿದ್ವಾಂಸರು ಎಂದೂ ಹೇಳದ ಮಾತು ಅವರ ಹೆಸರಿಗೆ ಹೋಗಿತ್ತು. ಹೇಳಿದವರ ಹೆಸರು ಮಾಯವಾಗಿತ್ತು. ಹೊರಗಿನ ಪರೀಕ್ಷಕರು ಅದನ್ನು ಹಿಡಿದರು. 'ಆಧಾರಗಳನ್ನು ನಂಬಲು ಆಗುವುದಿಲ್ಲ' ಎಂದು ವರದಿಯಲ್ಲಿ ಬರೆದರು. ಅವರು ಬರೆದದ್ದು ಸರಿ. ಓದುಗರು ಟಿಪ್ಪಣಿ ಹಿಡಿದು ಹೋದರೆ ಮೂಲ ಸಿಗಬೇಕು, ಅಲ್ವಾ? ನನ್ನ ಪ್ರಬಂಧದಲ್ಲಿ ಸಿಗುತ್ತಿರಲಿಲ್ಲ.

ಮತ್ತೆ ಎಲ್ಲ ಟಿಪ್ಪಣಿಗಳನ್ನೂ ಒಂದೊಂದಾಗಿ ಮೂಲಕ್ಕೆ ಹೋಲಿಸಿ ಸಲ್ಲಿಸಲು ನನಗೆ ಏಳು ತಿಂಗಳು ಹಿಡಿಯಿತು. ಧಾರವಾಡಕ್ಕೆ ಎಷ್ಟು ಸಲ ಬಸ್ಸು ಹತ್ತಿದೆನೋ ಲೆಕ್ಕ ಇಲ್ಲ. ಆ ವರ್ಷದ ಒಂದು ನೇಮಕಾತಿಗೆ ಅರ್ಜಿ ಹಾಕಲು ಆಗಲಿಲ್ಲ. ತಪ್ಪು ನನ್ನದೇ. ಆದರೆ ಅಂಥ ತಪ್ಪು ಆಗದ ಹಾಗೆ ನೋಡಿಕೊಳ್ಳುವ ಸಾಧನ ಎಷ್ಟೋ ವರ್ಷಗಳಿಂದ ಪುಕ್ಕಟೆಯಾಗಿ ಸಿಗುತ್ತಿದೆ. ಆರು ವರ್ಷದಲ್ಲಿ ಅದರ ಹೆಸರನ್ನು ನನಗೆ ಒಬ್ಬರೂ ಹೇಳಿರಲಿಲ್ಲ.

ನನಗೆ ಅದನ್ನು ತೋರಿಸಿದ್ದು ಅರ್ಥಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ಗೆಳತಿ. ಝೊಟೆರೊ ಅಂತ ಅದರ ಹೆಸರು. ಅಮೆರಿಕದ ವರ್ಜೀನಿಯಾದಲ್ಲಿರುವ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಒಂದು ಇತಿಹಾಸ ಕೇಂದ್ರ 2006ರಲ್ಲಿ ಇದನ್ನು ಹೊರತಂದಿತು. ಈ ಮಾತನ್ನು ಒತ್ತಿ ಹೇಳುತ್ತೇನೆ: ಇದು ಇತಿಹಾಸದವರ ಮನೆಯಿಂದ ಬಂದದ್ದು. ಹಳೆಯ ಕಾಗದಪತ್ರ, ದಾಖಲೆ, ಚೀಟಿಗಳ ನಡುವೆ ನಮ್ಮ ಹಾಗೇ ಒದ್ದಾಡಿದವರು ತಮಗೆ ಬೇಕೆಂದು ಮಾಡಿಕೊಂಡದ್ದು. 'ಇದೆಲ್ಲ ವಿಜ್ಞಾನದವರಿಗೆ, ಕನ್ನಡದವರಿಗೆ ಯಾಕೆ' ಎಂಬ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ಅದು ಹುಟ್ಟಿದ ಜಾಗ ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ಕೆಲಸ ಬಹಳ ಸರಳ. ಒಂದು ಪುಸ್ತಕದ ವಿವರವನ್ನು ಒಂದೇ ಸಲ ಬರೆದಿಡುತ್ತೀರಿ. ಬರೆಯುವಾಗ ವರ್ಡ್‌ನಲ್ಲೋ ಲಿಬ್ರೆ ಆಫೀಸ್‌ನಲ್ಲೋ ಒಂದು ಗುಂಡಿ ಒತ್ತಿ, ಆ ಪುಸ್ತಕ ಆರಿಸಿ, ಪುಟಸಂಖ್ಯೆ ಹಾಕುತ್ತೀರಿ. ಟಿಪ್ಪಣಿ ತಾನೇ ಬರುತ್ತದೆ. ನಡುವೆ ಹನ್ನೊಂದಲ್ಲ, ನೂರು ಟಿಪ್ಪಣಿ ಸೇರಿಸಿದರೂ ಪ್ರತಿಯೊಂದೂ ತನ್ನ ಪುಸ್ತಕವನ್ನು ಬಿಡುವುದಿಲ್ಲ. 'ಅದೇ' ಬರುವ ಶೈಲಿಯಾದರೆ ಎಲ್ಲಿ 'ಅದೇ' ಬರಬೇಕು, ಎಲ್ಲಿ ಪೂರ್ತಿ ಹೆಸರು ಬರಬೇಕು ಎಂದು ತಂತ್ರಾಂಶವೇ ನೋಡಿಕೊಳ್ಳುತ್ತದೆ. ಕೊನೆಯಲ್ಲಿ ಗ್ರಂಥಋಣದ ಪಟ್ಟಿ ಒಂದು ಒತ್ತಿಗೆ ತಯಾರು. ಪ್ರಬಂಧದಲ್ಲಿ ಬಳಸದ ಪುಸ್ತಕ ಪಟ್ಟಿಯಲ್ಲಿ ಸುಮ್ನೆ ಬಂದು ಕೂರುವುದಿಲ್ಲ. ಬಳಸಿದ ಪುಸ್ತಕ ಬಿಟ್ಟುಹೋಗುವುದಿಲ್ಲ. ನನ್ನ ಎರಡನೇ ಸಲದ ಪ್ರಬಂಧವನ್ನು ನಾನು ಹೀಗೇ ಕಟ್ಟಿದೆ. ಕಲಿಯಲು ಹಿಡಿದದ್ದು ಎರಡು ಮಧ್ಯಾಹ್ನ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ.

ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮ ತಂದಿತು. ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡ ಇಲ್ಲ. 10ರಿಂದ 40ರ ನಡುವೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40 ದಾಟಿದರೆ ಒಂದು ವರ್ಷ ತಿದ್ದಿದ ಪ್ರತಿ ಕೊಡುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಮರುವರ್ಷ 'ಸಂಶೋಧನೆ ಮತ್ತು ಪ್ರಕಟಣೆಯ ನೀತಿ' ಎಂಬ ಎರಡು ಕ್ರೆಡಿಟ್‌ಗಳ ಕೋರ್ಸನ್ನು ಪಿಎಚ್.ಡಿ ಸೇರುವ ಎಲ್ಲರಿಗೂ ಕಡ್ಡಾಯ ಮಾಡಿತು. ಕಳವು ಪತ್ತೆ ಹಚ್ಚುವ ತಂತ್ರಾಂಶ ಬಳಸುವುದನ್ನು ಆ ಪಠ್ಯದಲ್ಲಿ ಹೆಸರು ಹೇಳಿಯೇ ಇಟ್ಟಿದ್ದಾರೆ. ಇವೆಲ್ಲ ಬೇಕಾದವೇ. ನಕಲು ಮಾಡಿದ ಪ್ರಬಂಧಗಳನ್ನು ನಾನೂ ನೋಡಿದ್ದೇನೆ. ಅದನ್ನು ಹಿಡಿಯಬೇಕು.

ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತು ಇದೆ. ಮೂಲವನ್ನು ಸರಿಯಾಗಿ ಹೇಳಿ ಉದ್ಧರಿಸಿದ ಭಾಗವನ್ನು ಹೋಲಿಕೆಯ ಲೆಕ್ಕದಿಂದ ಬಿಡಬೇಕು ಎನ್ನುತ್ತದೆ. ಅಂದರೆ ಪ್ರಾಮಾಣಿಕ ವಿದ್ಯಾರ್ಥಿಯನ್ನು ಕಾಪಾಡುವುದು ಅವಳ ಟಿಪ್ಪಣಿ. ಆ ಟಿಪ್ಪಣಿ ಇಡುವುದನ್ನು ನಾವು ಎಷ್ಟು ಗಂಟೆ ಕಲಿಸುತ್ತೇವೆ? ನನಗೆ ಕಲಿಸಿದ್ದು ಒಂದು ಹಾಳೆಯ ಜೆರಾಕ್ಸ್. ಲೇಖಕರ ಹೆಸರು, ಅಲ್ಪವಿರಾಮ, ಪುಸ್ತಕದ ಹೆಸರು, ಅಲ್ಪವಿರಾಮ. ಅಷ್ಟೇ. ಪ್ರಬಂಧ ಮುಗಿದ ಮೇಲೆ ಪತ್ತೆಯ ಯಂತ್ರಕ್ಕೆ ಹಾಕುತ್ತಾರೆ. ಬರೆಯುವ ಐದಾರು ವರ್ಷ ಯಾವ ಮಾತು ಎಲ್ಲಿಂದ ಬಂತು ಎಂದು ಲೆಕ್ಕ ಇಡುವ ದಾರಿಯನ್ನು ಯಾರೂ ತೋರಿಸುವುದಿಲ್ಲ. ಅಂಗಡಿಯಲ್ಲಿ ಖಾತೆ ಪುಸ್ತಕ ಕೊಡದೆ ವರ್ಷದ ಕೊನೆಗೆ ಲೆಕ್ಕ ತಪಾಸಣೆಗೆ ಬಂದ ಹಾಗಾಯಿತು ಇದು.

ಎಷ್ಟೋ ಹುಡುಗ ಹುಡುಗಿಯರು ಕದಿಯಬೇಕೆಂದು ಕದಿಯುವುದಿಲ್ಲ. ಮೂರು ವರ್ಷದ ಹಿಂದೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಸಾಲು ತಮ್ಮದೋ ಪುಸ್ತಕದ್ದೋ ಎಂದು ಅವರಿಗೇ ನೆನಪಿರುವುದಿಲ್ಲ. ಮೊದಲ ದಿನದಿಂದ ಪುಸ್ತಕದ ಜೊತೆಗೇ ಟಿಪ್ಪಣಿ ಅಂಟಿಕೊಂಡು ಇದ್ದಿದ್ದರೆ ಈ ಗೋಜಲು ಇರುತ್ತಿರಲಿಲ್ಲ.

ಇನ್ನು ಕನ್ನಡದ ಕಷ್ಟಗಳು. ಇವನ್ನು ಮುಚ್ಚಿಟ್ಟು 'ತಂತ್ರಾಂಶ ಬಂದರೆ ಎಲ್ಲ ಸರಿ' ಎಂದು ಹೇಳಿದರೆ ಸುಳ್ಳಾಗುತ್ತದೆ.

ಮೊದಲನೆಯದು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರ ಪದ್ಧತಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆ. ಅದು ಬೇರೆ ಬೇರೆ ಭಾಷೆಯ ಅಕ್ಷರಗಳಿಗೆ ಗಣಕದಲ್ಲಿ ಒಂದೊಂದು ಸಂಖ್ಯೆ ಕೊಡುವ ಪದ್ಧತಿ. ಆದರೂ ನಮ್ಮ ಬಹಳ ಪ್ರಬಂಧಗಳು ಇವತ್ತಿಗೂ ಹಳೆಯ ಫಾಂಟ್‌ಗಳಲ್ಲೇ ಟೈಪ್ ಆಗುತ್ತವೆ. ಅಲ್ಲಿ ಕಾಣುವುದು ಮಾತ್ರ ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಉಲ್ಲೇಖದ ತಂತ್ರಾಂಶಕ್ಕೆ ಆ ಹೆಸರು ಹಾಕಿದರೆ ಅದಕ್ಕೆ ಏನೂ ಅರ್ಥವಾಗುವುದಿಲ್ಲ. ಹುಡುಕಲು ಬರುವುದಿಲ್ಲ. ಅಕಾರಾದಿಯಾಗಿ ಜೋಡಿಸಲೂ ಬರುವುದಿಲ್ಲ. ಶೋಧಗಂಗಾ ಎಂಬ ಪಿಎಚ್.ಡಿ ಪ್ರಬಂಧಗಳ ಅಂತರ್ಜಾಲ ಭಂಡಾರಕ್ಕೆ ಏರಿಸಿದ ಇಂಥ ಪ್ರಬಂಧದಿಂದ ಒಂದು ಸಾಲು ನಕಲು ಮಾಡಿ ಅಂಟಿಸಿ ನೋಡಿ, ನಾನು ಹೇಳುವುದು ತಿಳಿಯುತ್ತದೆ. ಐದು ವರ್ಷದ ಶ್ರಮ ಅಲ್ಲಿ ಬರೀ ಚಿತ್ರವಾಗಿ ಉಳಿದಿದೆ.

ಎರಡನೆಯದು ಹೆಸರು. ಈ ತಂತ್ರಾಂಶಗಳು ಮನುಷ್ಯರಿಗೆ ಮೊದಲ ಹೆಸರು, ಮನೆತನದ ಹೆಸರು ಎಂದು ಎರಡಿರುತ್ತವೆ ಎಂದು ತಿಳಿದಿವೆ. ನಮ್ಮಲ್ಲಿ ಮೊದಲಿನ ಅಕ್ಷರಗಳು ಊರಿನವು, ತಂದೆಯವು. ಎಂ. ಚಿದಾನಂದಮೂರ್ತಿಯವರು ಕನ್ನಡದ ಪಟ್ಟಿಯಲ್ಲಿ 'ಚ' ಅಕ್ಷರದಲ್ಲಿ ಬರಬೇಕು. ಇಂಗ್ಲಿಷಿನ ಪಟ್ಟಿಯಲ್ಲಿ ಅವರು 'ಮೂರ್ತಿ' ಆಗಿ ಬೇರೆಲ್ಲೋ ಹೋಗಿ ಕೂರುತ್ತಾರೆ. ಕುವೆಂಪು ಎಂಬ ಹೆಸರನ್ನು ಎರಡು ತುಂಡು ಮಾಡುವುದು ಹೇಗೆ? ಇದಕ್ಕೆ ಝೊಟೆರೊದಲ್ಲಿ ಪರಿಹಾರ ಇದೆ. ಹೆಸರಿನ ಪಕ್ಕದ ಸಣ್ಣ ಗುಂಡಿ ಒತ್ತಿದರೆ ಎರಡು ಕಿಂಡಿ ಒಂದಾಗುತ್ತದೆ. ಹೆಸರು ನಾವು ಬರೆದ ಹಾಗೇ ಉಳಿಯುತ್ತದೆ. ಈ ಒಂದು ಸಣ್ಣ ಸಂಗತಿ ನನಗೆ ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು. ಕಲಿಸುವವರಿದ್ದರೆ ನಾಲ್ಕು ನಿಮಿಷ.

ಅಕಾರಾದಿ ಇನ್ನೊಂದು ತೊಡಕು. ನಮ್ಮ ವರ್ಣಮಾಲೆಯಲ್ಲಿ 'ಳ' ಬರುವುದು 'ಹ' ಆದ ಮೇಲೆ. ಯೂನಿಕೋಡ್ ಕೋಷ್ಟಕದಲ್ಲಿ ಅದು 'ಲ' ಪಕ್ಕದಲ್ಲೇ ಇದೆ. ಬರೀ ಆ ಸಂಖ್ಯೆ ನೋಡಿ ಜೋಡಿಸಿದರೆ 'ಹಳಕಟ್ಟಿ' ಮೊದಲು, 'ಹವಾಲ್ದಾರ' ಆಮೇಲೆ. ನಮ್ಮ ಕ್ರಮದಲ್ಲಿ ಉಲ್ಟಾ. ಹಾಗಾಗಿ ಕೊನೆಗೆ ಪಟ್ಟಿಯ ಮೇಲೆ ಒಂದು ಸಲ ಕಣ್ಣಾಡಿಸಲೇಬೇಕು.

ಪುಸ್ತಕದ ಹಿಂದಿನ ಐಎಸ್‌ಬಿಎನ್ ಸಂಖ್ಯೆ ಹಾಕಿದರೆ ವಿವರ ತಾನೇ ಬರುತ್ತದೆ ಎನ್ನುತ್ತಾರೆ. ಇಂಗ್ಲಿಷ್ ಪುಸ್ತಕಕ್ಕೆ ಬರುತ್ತದೆ. ಕನ್ನಡದ ಪುಸ್ತಕಕ್ಕೆ ಬಹಳ ಸಲ ಏನೂ ಬರುವುದಿಲ್ಲ. ಬಂದರೆ ಅಮೆರಿಕದ ಗ್ರಂಥಾಲಯದ ಪಟ್ಟಿಯಿಂದ, ರೋಮನ್ ಅಕ್ಷರದಲ್ಲಿ, ಮೇಲೆ ಕೆಳಗೆ ಚುಕ್ಕೆ ಗೆರೆ ಹಾಕಿಕೊಂಡು ಬರುತ್ತದೆ. ಕನ್ನಡ ಪುಸ್ತಕದ ಕನ್ನಡ ವಿವರ ಕೊಡುವ ಕೆಲಸ ಯಾರದ್ದು? ವಾಷಿಂಗ್ಟನ್ನಿನ ಗ್ರಂಥಪಾಲಕರದ್ದಲ್ಲ. ನಮ್ಮದು. ಪುಸ್ತಕ ನಮ್ಮ ವಿಶ್ವವಿದ್ಯಾಲಯದ ಕಪಾಟಿನಲ್ಲಿದೆ. ಅದರ ವಿವರ ನಮ್ಮ ಗ್ರಂಥಾಲಯದ ಗಣಕದಲ್ಲೇ ಇದೆ. ಅದನ್ನು ಹೊರಗಿನವರು ಎತ್ತಿಕೊಳ್ಳುವ ಹಾಗೆ ತೆರೆದಿಟ್ಟಿಲ್ಲ, ಅಷ್ಟೇ.

ಶಾಸನಗಳ ವಿಷಯಕ್ಕೆ ಬಂದರೆ ನನಗೆ ಹೇಳಲು ಜಾಸ್ತಿ ಇದೆ. ಹಾವೇರಿ ಕಡೆಯದು ಹಿಂದೆ ಮುಂಬಯಿ ಪ್ರಾಂತ. ಶಾಸನತಜ್ಞ ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದಲ್ಲಿ ತಾಲೂಕುವಾರು ಮಾಡಿದ ಶಾಸನ ಸಂಪುಟಗಳಲ್ಲಿ ನಮ್ಮ ಊರುಗಳು ಬರುವುದಿಲ್ಲ. ನಮ್ಮ ಶಾಸನಗಳು ದಕ್ಷಿಣ ಭಾರತದ ಶಾಸನಗಳು ಎಂಬ ಮಾಲೆಯ 11, 15, 18, 20ನೇ ಸಂಪುಟಗಳಲ್ಲಿ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆಗಳಲ್ಲಿ ಚದುರಿವೆ. ಈ ಸಂಪುಟಗಳ ವಿವರವನ್ನು ಪ್ರತಿ ವಿದ್ಯಾರ್ಥಿಯೂ ಹೊಸದಾಗಿ ಬರೆದುಕೊಳ್ಳುತ್ತಾನೆ. ಹಿಂದಿನ ಪ್ರಬಂಧ ನೋಡಿ ಬರೆದುಕೊಳ್ಳುವುದೇ ಜಾಸ್ತಿ. ಒಬ್ಬರು ವರ್ಷ ತಪ್ಪು ಬರೆದರೆ ಮುಂದಿನ ಐದು ಪ್ರಬಂಧಗಳಲ್ಲಿ ಅದೇ ತಪ್ಪು. ಒಂದೇ ಸಂಪುಟಕ್ಕೆ ಮೂರು ಬೇರೆ ಬೇರೆ ಇಸವಿ ಕೊಟ್ಟ ಪ್ರಬಂಧಗಳನ್ನು ನಾನು ಒಂದೇ ಮೇಜಿನ ಮೇಲೆ ಇಟ್ಟು ನೋಡಿದ್ದೇನೆ.

ಝೊಟೆರೊದಲ್ಲಿ ಶಾಸನಕ್ಕೆಂದೇ ಬೇರೆ ನಮೂನೆ ಇಲ್ಲ. ನಾನು ಸಂಪುಟವನ್ನು ಪುಸ್ತಕವಾಗಿ ಒಮ್ಮೆ ದಾಖಲಿಸುತ್ತೇನೆ. ಪುಟ ಬರೆಯುವ ಕಿಂಡಿಯಲ್ಲಿ ಶಾಸನದ ಸಂಖ್ಯೆ, ಸಾಲು ಬರೆಯುತ್ತೇನೆ. ಓಲೆಗರಿಗೆ ಹಸ್ತಪ್ರತಿಯ ನಮೂನೆ ಇದೆ. ಹಾಡುವ ಅಜ್ಜಿಯ ಬಳಿ ಕೂತು ಬರೆದುಕೊಂಡದ್ದಕ್ಕೆ ಸಂದರ್ಶನದ ನಮೂನೆ ಇದೆ. ಜಾನಪದದವರು ಇದನ್ನು ಬಳಸಿದರೆ ಹಾಡಿದವರ ಹೆಸರು, ಊರು, ದಿನ ಎಲ್ಲ ಪ್ರಬಂಧದಲ್ಲಿ ಉಳಿಯುತ್ತದೆ. 'ಮಾಹಿತಿದಾರರು' ಎಂದು ಕೊನೆಯ ಪುಟದಲ್ಲಿ ಒಂದು ಪಟ್ಟಿ ಹಾಕಿ ಕೈತೊಳೆದುಕೊಳ್ಳುವುದು ತಪ್ಪುತ್ತದೆ.

ಈಗ ಕೃತಕ ಬುದ್ಧಿಮತ್ತೆಯ ಕಾಲ. ಕೇಳಿದ ಕೂಡಲೇ ಇಲ್ಲದ ಪುಸ್ತಕ, ಇಲ್ಲದ ಲೇಖನಗಳ ಚೆಂದದ ಪಟ್ಟಿ ಕೊಡುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ಅಂಥ ಪಟ್ಟಿ ತಂದಿದ್ದ. ಅವನಿಗೆ ಬೈಯಲಿಲ್ಲ. ಒಂದೊಂದನ್ನೂ ಝೊಟೆರೊಗೆ ಸೇರಿಸಿ, ಮೂಲದ ಪಿಡಿಎಫ್ ಪಕ್ಕದಲ್ಲಿ ಇಡು ಎಂದೆ. ಹತ್ತರಲ್ಲಿ ಆರಕ್ಕೆ ಮೂಲವೇ ಸಿಗಲಿಲ್ಲ. ಅವನ ಮುಖ ಸಣ್ಣದಾಯಿತು. ಕೈಗೆ ಸಿಗದ ಪುಸ್ತಕವನ್ನು ಪಟ್ಟಿಗೆ ಹಾಕಬಾರದು ಎಂಬುದು ಅವನಿಗೆ ಅವತ್ತು ತಿಳಿಯಿತು.

ಮಾನ್ಯರೇ, ನನ್ನ ಕೋರಿಕೆಗಳು ದುಡ್ಡಿನವಲ್ಲ. ಒಂದು ರಾಷ್ಟ್ರ, ಒಂದು ಚಂದಾ ಯೋಜನೆಗೆ ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. ಸುಮಾರು 13,000 ನಿಯತಕಾಲಿಕೆಗಳ ಬಾಗಿಲು ನಮ್ಮ ವಿದ್ಯಾರ್ಥಿಗಳಿಗೆ ತೆರೆಯಿತು. ಸಂತೋಷ. ಬಾಗಿಲು ತೆರೆದ ಮೇಲೆ ಒಳಗಿಂದ ತಂದದ್ದನ್ನು ಜೋಡಿಸಿಡುವುದನ್ನೂ ಕಲಿಸೋಣ.

ಕಡ್ಡಾಯ ಕೋರ್ಸ್‌ವರ್ಕಿನಲ್ಲಿ ಉಲ್ಲೇಖ ನಿರ್ವಹಣೆಗೆ ಎರಡು ಮಧ್ಯಾಹ್ನ ಕೊಡಿ. ಸೇರಿದ ಮೊದಲ ತಿಂಗಳಲ್ಲೇ ಕೊಡಿ, ಸಲ್ಲಿಸುವ ಮುಂಚಿನ ತಿಂಗಳಲ್ಲಿ ಅಲ್ಲ. ಕನ್ನಡದಲ್ಲೇ ಕಲಿಸಿ. ಗ್ರಂಥಪಾಲಕರಿಗೆ ಆ ಜವಾಬ್ದಾರಿ ಕೊಡಿ. ಅವರಿಗೆ ಇದು ಬರುತ್ತದೆ, ಅವರನ್ನು ಯಾರೂ ಕೇಳಿಲ್ಲ.

ಪ್ರಬಂಧ ಯೂನಿಕೋಡ್‌ನಲ್ಲೇ ಇರಬೇಕು ಎಂದು ಒಂದು ಸುತ್ತೋಲೆ ಹೊರಡಿಸಿ. ಹಳೆಯ ಫಾಂಟ್‌ನಲ್ಲಿ ಅರ್ಧ ಬರೆದವರಿಗೆ ಒಂದು ವರ್ಷ ಸಮಯ ಕೊಡಿ, ಬದಲಿಸಿಕೊಳ್ಳಲು ನೆರವನ್ನೂ ಕೊಡಿ. ಇದು ಆಗದಿದ್ದರೆ ಉಳಿದ ಯಾವುದೂ ಆಗುವುದಿಲ್ಲ.

ಮೂರನೆಯ ಕೋರಿಕೆ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕನ್ನಡದ ಒಂದು ಉಲ್ಲೇಖ ಶೈಲಿಯನ್ನು ನೀವೆಲ್ಲ ಕೂಡಿ ತೀರ್ಮಾನಿಸಿ. ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶೈಲಿಗಳ ಕಡತಗಳು ಪುಕ್ಕಟೆ ಸಿಗುತ್ತವೆ. ನಾನು ಓದಿದ ವಿಶ್ವವಿದ್ಯಾಲಯದ ಶೈಲಿಯ ಕಡತವನ್ನು ಹುಡುಕಿದೆ, ಸಿಗಲಿಲ್ಲ. ಹಾಗಾಗಿ 'ಅದೇ', 'ಪುಟ', 'ಸಂಪಾದಕರು', 'ಮತ್ತು ಇತರರು' ಎಂದು ಬರಬೇಕಾದ ಕಡೆಯೆಲ್ಲ ಇಂಗ್ಲಿಷ್ ಚುಟುಕುಗಳು ಬಂದು ಕೂತವು. ಒಂದೊಂದಾಗಿ ಕೈಯಿಂದ ಅಳಿಸಿದೆ. ಶೈಲಿಯ ಕಡತ ಒಂದು ಸಾದಾ ಪಠ್ಯ ಕಡತ. ಈ ಮಾತುಗಳನ್ನು ಅದರೊಳಗೇ ಕನ್ನಡದಲ್ಲಿ ಬರೆಯಬಹುದು. ಹಂಪಿ, ಮೈಸೂರು, ಧಾರವಾಡ, ಬೆಂಗಳೂರಿನ ಕನ್ನಡ ವಿಭಾಗಗಳ ನಾಲ್ಕು ಜನ ಹಿರಿಯರು, ಒಬ್ಬ ಗಣಕ ಬಲ್ಲ ಹುಡುಗಿ ಒಂದು ವಾರ ಕೂತರೆ ಸಾಕು. ಹೆಸರು ಹೇಗೆ ಬರಬೇಕು, ಶಾಸನ ಹೇಗೆ ಬರಬೇಕು, ವಚನದ ಸಂಖ್ಯೆ ಎಲ್ಲಿ ಬರಬೇಕು ಎಂದು ಒಮ್ಮೆ ಹೇಳಿಬಿಡಿ. ಆಮೇಲೆ ಎಲ್ಲರಿಗೂ ತೆರೆದಿಡಿ.

ಅದರ ಜೊತೆಗೆ ಶಾಸನ ಸಂಪುಟಗಳು, ಕಾವ್ಯಗಳ ಸಂಪಾದಿತ ಆವೃತ್ತಿಗಳು, ಹಳೆಯ ಪತ್ರಿಕೆಗಳ ವಿವರಗಳನ್ನು ಒಂದು ಹಂಚಿಕೆಯ ಭಂಡಾರದಲ್ಲಿ ಇಡಬಹುದು. ಝೊಟೆರೊದಲ್ಲಿ ಗುಂಪು ಮಾಡಲು ಖರ್ಚಿಲ್ಲ. ಕಡತಗಳನ್ನು ಇಡಲು ಪುಕ್ಕಟೆ ಜಾಗ 300 ಎಂಬಿ ಮಾತ್ರ. ಆದರೆ ಬರೀ ವಿವರಗಳಿಗೆ ಆ ಮಿತಿ ಇಲ್ಲ. ಒಬ್ಬರು ಮೂಲ ನೋಡಿ ಸರಿಯಾಗಿ ಬರೆದರೆ ಸಾವಿರ ಜನಕ್ಕೆ ಸರಿಯಾಗಿ ಸಿಗುತ್ತದೆ. ಗ್ರಂಥಾಲಯದಲ್ಲಿ ಕೋಹಾ ಎಂಬ ಪುಸ್ತಕಪಟ್ಟಿಯ ತಂತ್ರಾಂಶ ಬಳಸುವವರು ಪುಸ್ತಕದ ವಿವರ ಇಳಿಸಿಕೊಳ್ಳುವ ಸೌಲಭ್ಯವನ್ನು ಎಲ್ಲರಿಗೂ ತೆರೆದಿಡಿ. ಅದು ಅದರಲ್ಲಿ ಇದ್ದೇ ಇದೆ.

ದಯವಿಟ್ಟು ಯಾವುದೋ ಕಂಪನಿಯ ದುಬಾರಿ ತಂತ್ರಾಂಶ ಕೊಂಡು ಮಕ್ಕಳನ್ನು ಅದಕ್ಕೆ ಕಟ್ಟಿಹಾಕಬೇಡಿ. ಮೆಂಡೆಲಿ ಎಂಬ ಇಂಥದೇ ತಂತ್ರಾಂಶವನ್ನು 2013ರಲ್ಲಿ ಎಲ್ಸೆವಿಯರ್ ಎಂಬ ಪ್ರಕಾಶನ ಕಂಪನಿ ಕೊಂಡಿತು. 2022ರಲ್ಲಿ ಅದರ ಹಳೆಯ ಗಣಕ ಆವೃತ್ತಿಯನ್ನು ಹೊಸದಾಗಿ ಇಳಿಸಿಕೊಳ್ಳುವುದೇ ನಿಂತಿತು. ಒಡೆಯರು ಬೇರೆಯವರಾದರೆ ತೀರ್ಮಾನವೂ ಬೇರೆಯವರದ್ದೇ. ಪಿಎಚ್.ಡಿ ಮುಗಿಸಿ ಹಳ್ಳಿ ಕಾಲೇಜಿಗೆ ಹೋದ ಮೇಲೆ ವಿಶ್ವವಿದ್ಯಾಲಯದ ಪಾಸ್‌ವರ್ಡ್ ನಮ್ಮ ಜೊತೆ ಬರುವುದಿಲ್ಲ. ನಮ್ಮ ಚೀಟಿ ಪೆಟ್ಟಿಗೆ ನಮ್ಮ ಜೊತೆ ಬರಬೇಕು.

ಮಾರ್ಗದರ್ಶಕರಲ್ಲಿ ಒಂದು ಬೇರೆಯೇ ಮಾತು. ನೀವು ಹಿರಿಯರು. ಈ ವಯಸ್ಸಿನಲ್ಲಿ ಹೊಸ ತಂತ್ರಾಂಶ ಕಲಿಯಿರಿ ಎಂದು ಹೇಳುತ್ತಿಲ್ಲ. ವಿದ್ಯಾರ್ಥಿ ಕಲಿಯಲು ಹೊರಟರೆ 'ಅದೆಲ್ಲ ಬೇಡ, ಮೊದಲು ಬರಿ' ಎಂದು ತಡೆಯಬೇಡಿ. ನಿಮ್ಮ ಪೆಟ್ಟಿಗೆಯಲ್ಲಿರುವ ಹಳೆಯ ಚೀಟಿಗಳನ್ನು ಎಸೆಯಲೂ ಬೇಡಿ. ಅವನ್ನು ಗಣಕಕ್ಕೆ ಏರಿಸಲು ನಿಮ್ಮ ವಿದ್ಯಾರ್ಥಿಗಳಿಗೆ ಕೊಡಿ. ನಲವತ್ತು ವರ್ಷ ಓದಿ ಬರೆದಿಟ್ಟ ಆ ಚೀಟಿಗಳಲ್ಲಿ ಇರುವುದು ಯಾವ ಅಂತರ್ಜಾಲದಲ್ಲೂ ಸಿಗುವುದಿಲ್ಲ.

ನಾನು ಬಳಸುತ್ತಿರುವ ಕನ್ನಡದ ಶೈಲಿಯ ಕಡತ ಇನ್ನೂ ಕಚ್ಚಾ ರೂಪದಲ್ಲಿದೆ. 'ಅದೇ' ಸರಿಯಾಗಿ ಬರುತ್ತಿದೆ. ಸಂಪಾದಕರು ಇಬ್ಬರಿದ್ದಾಗ ಇನ್ನೂ ತಪ್ಪುತ್ತಿದೆ. ಯಾವ ವಿಭಾಗ ಕೇಳಿದರೂ ಅದನ್ನು ಕೊಡುತ್ತೇನೆ. ದಾಖಲಿಸಿಟ್ಟ ಶಾಸನ ಸಂಪುಟಗಳ ವಿವರವನ್ನೂ ಕೊಡುತ್ತೇನೆ. ಶನಿವಾರ ಮಧ್ಯಾಹ್ನ ನನಗೆ ತರಗತಿ ಇರುವುದಿಲ್ಲ. ಹಾವೇರಿಯಿಂದ ಬಸ್ಸಿಗೆ ಹೋಗಿ ಬರಬಹುದಾದ ಯಾವ ಊರಿಗೆ ಕರೆದರೂ ಬಂದು, ನನಗೆ ಬರುವಷ್ಟನ್ನು ಕಲಿಸಿ ಹೋಗುತ್ತೇನೆ.

ಈ ಶೈಕ್ಷಣಿಕ ವರ್ಷದ ಕೋರ್ಸ್‌ವರ್ಕ್ ಶುರುವಾಗುವ ಮುಂಚೆ ನಿಮ್ಮಿಂದ ಒಂದು ಉತ್ತರ ಬರುತ್ತದೆಂದು ಕಾಯುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಕನ್ನಡ ಅತಿಥಿ ಉಪನ್ಯಾಸಕಿ,
ಹಾವೇರಿ ಜಿಲ್ಲೆ